ನಾಂಗರ್: ನೇಗಿಲೋ, ಲಂಗರೋ?

ಗೆಳೆಯರೇ,

ಹೋದ ಭಾನುವಾರ ಮುಂಬೈನ ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯಲ್ಲಿ ರೇವಸಿಗೆ ಹೋಗುವ ಲಾಂಚಿಗೆ ಕಾಯುತ್ತಾ ನಿಂತಿದ್ದೆ. ಸ್ವಲ್ಪ ದೂರದಲ್ಲಿ ಒಂದು ಮೀನಿನ ದೋಣಿ ಬಂತು. ಚುಕ್ಕಾಣಿ ಹಿಡಿದಿದ್ದ ಹಿರಿಯರು ಮುಂದಿದ್ದ ಹುಡುಗನಿಗೆ ‘ನಾಂಗರ್ ಟಾಕ್ ರೇ!’ ಎಂದು ಕೂಗಿದರು. ನಾನು ಧಾರವಾಡದ ಕಡೆಯ ಒಕ್ಕಲು ಮನೆಯವನು. ಮರಾಠಿಯಲ್ಲಿ ನಾಂಗರ್ ಅಂದರೆ ನೇಗಿಲು ಅಂತಲೇ ತಿಳಿದಿದ್ದೆ. ನೀರಲ್ಲಿ ನೇಗಿಲು ಹೂಡ್ತಾರಾ? ಹುಡುಗ ನಾಲ್ಕು ಕೊಕ್ಕೆಯ ಕಬ್ಬಿಣವನ್ನು ಹಗ್ಗದ ಸಮೇತ ಎಸೆದಾಗ ಗೊತ್ತಾಯಿತು, ಅದು ಲಂಗರು. ಮರಾಠಿಯಲ್ಲಿ ಎರಡಕ್ಕೂ ಒಂದೇ ಪದ!

ಅವತ್ತಿನಿಂದ ಇದೇ ತಲೆಯಲ್ಲಿ ಕೂತಿದೆ.

ನಮ್ಮ ‘ಲಂಗರು’ ಪಾರ್ಸಿಯ ‘ಲಂಗರ್’. ಗುರುದ್ವಾರದಲ್ಲಿ ಊಟ ಬಡಿಸುವ ಲಂಗರ್ ಕೂಡ ಅದೇ ಭಾಷೆಯಿಂದ ಬಂದದ್ದು. ತಮಿಳು, ಮಲಯಾಳದಲ್ಲಿ ಇದು ‘ನಂಕೂರಂ’ ಆಯಿತು, ಲಕಾರ ಹೋಗಿ ನಕಾರ ಬಂತು. ಇನ್ನು ನೇಗಿಲಿನ ಕಡೆ ನೋಡಿ. ಸಂಸ್ಕೃತದ ‘ಲಾಂಗಲ’ ಪಾಲಿಯಲ್ಲಿ ‘ನಂಗಲ’, ಮರಾಠಿಯಲ್ಲಿ ‘ನಾಂಗರ್’. ಇಲ್ಲೂ ಲ ಹೋಗಿ ನ! ನಮ್ಮ ನೇಗಿಲು, ತಮಿಳಿನ ‘ನಾಂಜಿಲ್’ ಕೂಡ ಇದರ ಹತ್ತಿರದವೇ. ಅಂದರೆ ಹೊಲದಿಂದ ಒಂದು ಪದ, ಕಡಲಿನಿಂದ ಇನ್ನೊಂದು ಪದ ಬಂದು ಮರಾಠಿಯಲ್ಲಿ ಒಂದಾಗಿವೆ.

ಆದರೆ ಬರೀ ಉಚ್ಚಾರದಿಂದ ಹೀಗಾಯಿತು ಅಂತ ನನಗೆ ಅನಿಸುವುದಿಲ್ಲ. ಕೆಲಸವೂ ಒಂದೇ ಅಲ್ವಾ? ನೇಗಿಲಿನ ಕುಳ ಮಣ್ಣಿಗೆ ಇಳಿಯಬೇಕು. ಲಂಗರಿನ ಕೊಕ್ಕೆ ಕಡಲ ತಳದ ಕೆಸರಿಗೆ ಇಳಿಯಬೇಕು. ಭಾರ ಒಂದೇ ಸಾಲದು, ಕಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ದೋಣಿ ಜಾರುತ್ತದೆ. ದ್ವಾರಕೆಯ ಹತ್ತಿರ ಸಮುದ್ರದಲ್ಲಿ ಸಿಕ್ಕಿರುವ ಹಳೆಯ ಕಲ್ಲಿನ ಲಂಗರುಗಳಲ್ಲಿ ಹಲವಕ್ಕೆ ಮೂರು ತೂತುಗಳಿರುತ್ತವೆ. ಮೇಲಿನದು ಹಗ್ಗಕ್ಕೆ. ಕೆಳಗಿನ ಎರಡು, ಮರದ ಮೊನೆಗಳನ್ನು ತೂರಿಸಲಿಕ್ಕೆ. ಕಲ್ಲಿಗೂ ಹಲ್ಲು ಬೇಕಾಯಿತು! 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಟೇಲರ್ ಅವರು ಮಾಡಿದ ಹೊಸ ಲಂಗರಂತೂ ನೇಗಿಲಿನ ಆಕಾರದ್ದೇ. ಮುಂಬೈ ಕಡಲತೀರದ ಮೀನುಗಾರರಾದ ‘ಕೋಳಿ’ ಸಮುದಾಯದವರ ಮಾತಿನಲ್ಲಿ ಆ ಹೋಲಿಕೆ ಮೊದಲೇ ಇತ್ತು ಅಂತ ನೆನೆದರೆ ಖುಷಿಯಾಗುತ್ತದೆ.

ಇನ್ನೊಂದು ಮಾತು. ಹಡಗು ನಮ್ಮದೇ ಪದ, ಹಳಗನ್ನಡದ ‘ಪಡಗು’. ಹಾಲು ಮೊದಲು ‘ಪಾಲ್’ ಆಗಿದ್ದ ಹಾಗೆ. ಹಾಯಿಯೂ ನಮ್ಮದೇ. ತಮಿಳಿನಲ್ಲಿ ‘ಪಾಯ್’ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ದೋಣಿ ನಡೆಸುವ ಹುಟ್ಟೂ ನಮ್ಮದೇ. ಆದರೆ ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’ (ಮರಾಠಿಯಲ್ಲಿ ಸುಕಾಣೂ), ಬಂದರು ಪಾರ್ಸಿ, ಲಂಗರೂ ಪಾರ್ಸಿ. ಅರಬ್ಬರು ಬರುವ ಮುಂಚೆ ನಮ್ಮವರು ಹಡಗು ನಿಲ್ಲಿಸುತ್ತಿರಲಿಲ್ಲವೇ? ಖಂಡಿತ ನಿಲ್ಲಿಸುತ್ತಿದ್ದರು. ಅದಕ್ಕೊಂದು ಹೆಸರೂ ಇದ್ದಿರಲೇಬೇಕು.

ಅದಕ್ಕೇ ಕೇಳುತ್ತಿದ್ದೇನೆ. ಮಂಗಳೂರಿನ ಧಕ್ಕೆಯಲ್ಲಿ, ಮಲ್ಪೆಯಲ್ಲಿ, ಕಾರವಾರದಲ್ಲಿ ದೋಣಿಯ ಮೇಲಿರುವವರು ಇದಕ್ಕೆ ಏನನ್ನುತ್ತಾರೆ? ಪುಸ್ತಕದ ‘ಲಂಗರು’ ಬೇಡ, ಹಗ್ಗ ಕೈಯಲ್ಲಿ ಹಿಡಿದಾಗ ಬಾಯಿಗೆ ಬರುವ ಪದ ಬೇಕು. ತುಳುವಿನದ್ದಾದರೂ ಸರಿ, ಕೊಂಕಣಿಯದ್ದಾದರೂ ಸರಿ. ಮನೆಯಲ್ಲಿ ಕಡಲಿಗೆ ಹೋಗುತ್ತಿದ್ದ ಅಜ್ಜ, ಮಾವ ಇದ್ದರೆ ದಯವಿಟ್ಟು ಕೇಳಿ ಬರೆಯಿರಿ.