ತುಘಲಕ್ ಪಾತ್ರಕ್ಕೆ ನಿದ್ದೆಗೆಡಬೇಕಾ?

ಸಂಜೆ ತಾಲೀಮು:
ನಮ್ಮ ಹವ್ಯಾಸಿ ತಂಡ ಈ ಸಲ ಗಿರೀಶ ಕಾರ್ನಾಡರ 'ತುಘಲಕ್' ಎತ್ತಿಕೊಂಡಿದೆ. ಸುಲ್ತಾನನ ಪಾತ್ರ ನನ್ನ ತಲೆಗೆ ಬಂದಿದೆ. ರೀಡಿಂಗ್ ಆಯ್ತು, ಬ್ಲಾಕಿಂಗ್ (ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅಂತ ಗೊತ್ತುಮಾಡೋದು) ಇನ್ನೂ ಶುರುವಾಗಿಲ್ಲ. ಈ ಮನುಷ್ಯನಿಗೆ ನಾಟಕದ ಉದ್ದಕ್ಕೂ ನಿದ್ದೆ ಇಲ್ಲ. ಕೊನೆಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾನೆ. ನಮ್ಮ ಹಿರಿಯ ನಟರೊಬ್ಬರು 'ಒಂದೆರಡು ರಾತ್ರಿ ನಿದ್ದೆಗೆಟ್ಟು ತಾಲೀಮಿಗೆ ಬಾ, ಪಾತ್ರ ತಾನಾಗಿ ಒಳಗಿಳಿಯುತ್ತೆ' ಅಂದರು. ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಹಾರ್ಮೋನಿಯಂ ಮಾಸ್ತರು:
ದಯವಿಟ್ಟು ಬೇಡ. ನಿದ್ದೆಗೆಟ್ಟರೆ ಮೊದಲು ಕೈಕೊಡೋದು ಮಾತು. ಸುಲ್ತಾನನದು ಉದ್ದುದ್ದ ಮಾತು, ಅದರಲ್ಲಿ ತರ್ಕ ಬೇರೆ. ನಡುವೆ ಒಂದು ವಾಕ್ಯ ಹಾರಿಹೋದರೂ ಮುಂದಿನದಕ್ಕೆ ಅರ್ಥ ಇರಲ್ಲ. ಕಂಪನಿ ನಾಟಕದಲ್ಲಿ ವಿಂಗ್ ಪಕ್ಕ, ರಂಗದ ಬದಿಯ ಮರೆಯಲ್ಲಿ, ನಿಂತು ಮರೆತ ಮಾತು ಪ್ರಾಂಪ್ಟ್ ಮಾಡೋರು ಇರ್ತಿದ್ರು. ನಿಮಗೆ ಯಾರಿದ್ದಾರೆ?

ಮಲೆನಾಡಿನವಳು:
ಮಾಸ್ತರೇ, ಬರೀ ಬಾಯಿಪಾಠದಿಂದ ತುಘಲಕ್ ಆಗಲ್ಲ. ಒಂದು ರಾತ್ರಿ ಎದ್ದಿದ್ದು ನೋಡಿದರೆ ಏನು ನಷ್ಟ? ಕಣ್ಣು ಹೇಗೆ ಉರಿಯುತ್ತೆ, ಸಣ್ಣ ಸದ್ದಿಗೂ ಹೇಗೆ ಸಿಟ್ಟು ಬರುತ್ತೆ, ಇದೆಲ್ಲ ಮೈಗೆ ಗೊತ್ತಾಗಬೇಕು. ಗೊತ್ತಿಲ್ಲದ್ದನ್ನು ನಟಿಸಿದರೆ ಎಲ್ಲರೂ ಮಾಡೋದನ್ನೇ ಮಾಡ್ತೀವಿ: ಆಕಳಿಕೆ, ಹಣೆ ಒತ್ತಿಕೊಳ್ಳೋದು. ನೋಡಿ ನೋಡಿ ಸಾಕಾಗಿದೆ.

ಕೊನೇ ಸಾಲು:
ಇಬ್ಬರೂ ಪಠ್ಯ ಬಿಟ್ಟು ಮಾತಾಡ್ತಿದ್ದೀರಿ. ಎರಡನೇ ದೃಶ್ಯ ತೆಗೆದು ನೋಡಿ. ಸುಲ್ತಾನ ಒಬ್ಬನೇ ಚದುರಂಗ ಆಡ್ತಿದ್ದಾನೆ. ಯಾರಿಂದಲೂ ಬಿಡಿಸೋಕಾಗದ ಒಂದು ಸಮಸ್ಯೆ ಬಿಡಿಸಿದೆ ಅಂತ ಖುಷಿಯಲ್ಲಿದ್ದಾನೆ. ರಾತ್ರಿ ಯಾಕೆ ಮಲಗಲ್ಲ ಅಂತ ಮಲತಾಯಿ ಕೇಳಿದರೆ, ನಿದ್ದೆ ಬಾರದಿರಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತೇನೆ ಅನ್ನೋ ಅರ್ಥದ ಮಾತಾಡ್ತಾನೆ. ಇವನು ದಣಿದಿಲ್ಲ ಕಣ್ರೀ. ಎಚ್ಚರ ಇರೋದೇ ಇವನಿಗೆ ಅಮಲು. ಈ ದೃಶ್ಯಕ್ಕೆ ಕೆಂಪು ಕಣ್ಣು ಹೊತ್ತು ಬಂದರೆ ಮುಗೀತು, ನಾಟಕ ಅಲ್ಲೇ ಕುಸಿಯುತ್ತೆ. ಚೆನ್ನಾಗಿ ನಿದ್ದೆ ಮಾಡಿದ ನಟನೇ ಇದನ್ನು ಮಾಡಬಲ್ಲ.

ನಾಟಕ ಶುರುವಾಗೋದು 1327ರಲ್ಲಿ. ಸುಲ್ತಾನ ದೆಹಲಿಯಿಂದ ರಾಜಧಾನಿ ಬದಲಿಸಿದ ದೌಲತಾಬಾದಿನ ಕೋಟೆಗೆ ಕಥೆ ಬರುವ ಹೊತ್ತಿಗೆ ಐದು ವರ್ಷ ಕಳೆದಿರುತ್ತೆ. ನಡುರಾತ್ರಿ ಒಬ್ಬ ಎಳೆ ಕಾವಲುಗಾರನ ಹತ್ತಿರ ಸುಲ್ತಾನ ತನ್ನ ಹರೆಯದ ಕನಸು ಹೇಳಿಕೊಳ್ಳುತ್ತಾನೆ. ಅಲ್ಲಿ ಎಚ್ಚರ ಕಾಯಿಲೆ ಆಗಿದೆ. ಆಮೇಲೆ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯದ ರಾಶಿ, ಮಲತಾಯಿಗೆ ಸಾವಿನ ಶಿಕ್ಷೆ. ನಿಮ್ಮ ತಯಾರಿ ಈ ಇಳಿಜಾರಿನದ್ದು. ಯಾವ ದೃಶ್ಯದಲ್ಲಿ ಎಷ್ಟು ದಣಿವು, ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದಿಡಿ.

ಮಲೆನಾಡಿನವಳು:
ದೃಶ್ಯದ ವಿಷಯ ಒಪ್ಪಿದೆ. ಆದರೆ ಅಂಚಿನಲ್ಲಿ 'ದಣಿವು ಜಾಸ್ತಿ' ಅಂತ ಬರೆದ ಮಾತ್ರಕ್ಕೆ ಅದು ಮೈಗೆ ಬರುತ್ತಾ? ನೆನಪಿನಿಂದಲೇ ತರಬೇಕಲ್ವಾ?

ಕೊನೇ ಸಾಲು:
ಈ ಜಗಳ ಹಳೇದು. ಅಮೆರಿಕದಲ್ಲಿ ನಟನೆ ಕಲಿಸುತ್ತಿದ್ದ ಲೀ ಸ್ಟ್ರಾಸ್‌ಬರ್ಗ್ ನಟರ ಸ್ವಂತ ನೆನಪನ್ನೇ ಕೆದಕಿಸುತ್ತಿದ್ದರು. 1934ರಲ್ಲಿ ಅಲ್ಲಿನ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್‌ಗೆ ಹೋಗಿ, ಈ ಪದ್ಧತಿಯ ಮೂಲ ಗುರು, ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಅವರ ಹತ್ತಿರವೇ ಕಲಿತು ಬಂದರು. ಪಾತ್ರ ಇರೋ ಪರಿಸ್ಥಿತಿ ಮತ್ತು ನಟನ ಕಲ್ಪನೆ ಮುಖ್ಯ ಅಂತ ವಾದಿಸಿದರು. ನನ್ನ ಓಟು ಆಡ್ಲರ್‌ಗೆ. ಸ್ವಂತ ನೆನಪು ಮೊದಲ ಪ್ರದರ್ಶನಕ್ಕೆ ಕಣ್ಣೀರು ತರುತ್ತೆ, ಹತ್ತನೆಯದಕ್ಕೆ ಸುಮ್ನೆ ಒಣಗಿಹೋಗುತ್ತೆ.

ಕರಾವಳಿ ಭಾಗವತ:
ಪ್ಯಾರಿಸ್‌ವರೆಗೆ ಯಾಕೆ ಹೋಗ್ತೀರಿ? ನಮ್ಮ ತಾಳಮದ್ದಳೆ ನೋಡಿ, ಕುಳಿತೇ ನಡೆಸುವ ಯಕ್ಷಗಾನ. ವೇಷ ಇಲ್ಲ, ಬರೆದಿಟ್ಟ ಮಾತಿಲ್ಲ, ಪದ್ಯ ಮಾತ್ರ ಉಂಟು. ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಕುಳಿತಲ್ಲೇ ಕೌರವ ಆಗ್ತಾನೆ. ಎದುರಿನವನು ಏನು ಕೇಳಿದರೂ ಕೌರವನಾಗಿಯೇ ಉತ್ತರ ಕೊಡಬೇಕು. ಅದಕ್ಕೆ ಓದಿಕೊಂಡಿರಬೇಕು. ನೀವೂ ಇತಿಹಾಸ ಸ್ವಲ್ಪ ಓದಿ. ನಾಟಕದಲ್ಲಿ ಬರುವ ಬರನಿ ನಿಜವಾಗಿ ಇದ್ದವನು, ಆ ಆಸ್ಥಾನದಲ್ಲೇ ಇದ್ದವನು. ಸುಲ್ತಾನ ಸತ್ತ ಮೇಲೆ ಅವನ ಕಾಲದ ಚರಿತ್ರೆ ಬರೆದ.

ಹಾರ್ಮೋನಿಯಂ ಮಾಸ್ತರು:
ಓದಲಿ, ಬೇಡ ಅನ್ನಲ್ಲ. ಆದರೆ ಬರನಿಯ ಪುಸ್ತಕದ ಸುಲ್ತಾನ ಬೇರೆ, ಕಾರ್ನಾಡರ ಸುಲ್ತಾನ ಬೇರೆ. ರಂಗದ ಮೇಲೆ ಎರಡನೆಯವನು ಮಾತ್ರ ಬರಬೇಕು. ಓದಿದ್ದನ್ನೆಲ್ಲ ತೋರಿಸೋಕೆ ಹೊರಟ ನಟನಷ್ಟು ಕಷ್ಟ ಕೊಡೋರು ಇನ್ನೊಬ್ಬರಿಲ್ಲ.

ಕರಾವಳಿ ಭಾಗವತ:
ತೋರಿಸಲಿಕ್ಕೆ ಹೇಳಿದ್ದಲ್ಲ ಮಾಸ್ತರೇ. ಆ ಮಲತಾಯಿ 'ನಿನಗೇನಾಗಿದೆ' ಎಂದು ನೋಡುವಾಗ ನಟನ ಮುಖ ಖಾಲಿ ಇರಬಾರದು. ಅಷ್ಟೇ.

ಸಂಜೆ ತಾಲೀಮು:
ಎಲ್ಲರಿಗೂ ಧನ್ಯವಾದ. ನಿದ್ದೆಗೆಡೋ ಯೋಚನೆ ಬಿಟ್ಟೆ. ಈಗ ಇನ್ನೊಂದು ಪ್ರಶ್ನೆ. ಮಾತು ಪೂರ್ತಿ ಕಲಿತೇ ಬ್ಲಾಕಿಂಗ್‌ಗೆ ಹೋಗಲಾ, ಪುಸ್ತಕ ಹಿಡಿದು ಹೋಗಲಾ? ನಮ್ಮ ನಿರ್ದೇಶಕರು ಎರಡಕ್ಕೂ ಹೂಂ ಅಂತಾರೆ.

ಹಾರ್ಮೋನಿಯಂ ಮಾಸ್ತರು:
ಕಲಿತು ಹೋಗಿ. ಆದರೆ ರಾಗ ಹಾಕದೆ, ಸಪ್ಪೆಯಾಗಿ ಕಲಿಯಿರಿ. ಮನೇಲಿ ಒಬ್ಬರೇ ಕೂತು ಏರಿಳಿತ ಸಮೇತ ಕಲಿತರೆ ಆಮೇಲೆ ಎದುರಿನವರು ಏನು ಕೊಟ್ಟರೂ ನಿಮ್ಮ ಮಾತು ಬದಲಾಗಲ್ಲ.

ಮಲೆನಾಡಿನವಳು:
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಒಂದು ಸೇರಿಸ್ತೀನಿ. ಉಡುಪು ಹೊಲಿಸೋ ತನಕ ಕಾಯಬೇಡಿ. ಎರಡನೇ ವಾರದಿಂದಲೇ ಒಂದು ಉದ್ದ ನಿಲುವಂಗಿ ಹಾಕಿಕೊಂಡು ತಾಲೀಮು ಮಾಡಿ. ಪ್ಯಾಂಟಿನ ನಡಿಗೆ ಬೇರೆ, ನಿಲುವಂಗಿಯ ನಡಿಗೆ ಬೇರೆ. ಗ್ರ್ಯಾಂಡ್ ರಿಹರ್ಸಲ್ ದಿನ ಮೆಟ್ಟಿಲ ಮೇಲೆ ಅಂಚು ತುಳಿದು ಬಿದ್ದ ರಾಜರನ್ನು ನಾವೆಲ್ಲ ನೋಡಿದ್ದೀವಿ.

ಕೊನೇ ಸಾಲು:
ಕಾವಲುಗಾರನ ಪಾತ್ರ ಯಾರು ಮಾಡ್ತಿದ್ದಾರೆ? ಚಿಕ್ಕ ಪಾತ್ರ ಅಂತ ಆ ಹುಡುಗನನ್ನು ಕೊನೇ ವಾರ ಕರೆಸಬೇಡಿ. ಕೋಟೆಯ ದೃಶ್ಯ ನಿಲ್ಲೋದು ಅವನು ಹೇಗೆ ಕೇಳಿಸಿಕೊಳ್ತಾನೆ ಅನ್ನೋದರ ಮೇಲೆ. ನಾಳೆಯಿಂದಲೇ ಅವನ ಜೊತೆ ಕೂತು ಆ ಒಂದು ದೃಶ್ಯ ಓದೋಕೆ ಶುರುಮಾಡಿ.