ಪದ ಬೇಕು: ನಿಕ್‌ಗೆ ಡೇಸಿ ಏನಾಗಬೇಕು?

ಎಲ್ಲರಿಗೂ ನಮಸ್ಕಾರ.

ಫಿಟ್ಜ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಕಾದಂಬರಿಯನ್ನು ರಂಗವಾಚನಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರದೊಳಗೆ ಮೊದಲ ಅಧ್ಯಾಯ ನಟರ ಕೈಗೆ ಹೋಗಬೇಕು. ಒಂದು ಪದಕ್ಕೆ ಕೆಲಸ ನಿಂತಿದೆ.

ಕಥೆ ಹೇಳುವ ನಿಕ್ ಕ್ಯಾರವೇ, ಡೇಸಿ ತನಗೆ ‘ಸೆಕೆಂಡ್ ಕಸಿನ್ ಒನ್ಸ್ ರಿಮೂವ್ಡ್’ ಅನ್ನುತ್ತಾನೆ. ಮುತ್ತಜ್ಜನ ಕಾಲದ ಸಂಬಂಧ, ಜೊತೆಗೆ ಒಂದು ತಲೆಮಾರಿನ ವ್ಯತ್ಯಾಸ. ತಾಯಿ ಕಡೆಯೋ ತಂದೆ ಕಡೆಯೋ, ಕಾದಂಬರಿ ಹೇಳುವುದಿಲ್ಲ. ಡೇಸಿ ಒಂದು ತಲೆಮಾರು ಮೇಲಿನವಳೋ ಕೆಳಗಿನವಳೋ, ಅದೂ ಇಲ್ಲ. ವಯಸ್ಸು ಮಾತ್ರ ಸಿಗುತ್ತದೆ. ಕಥೆ ನಡೆಯುವ 1922ರ ಬೇಸಿಗೆಯಲ್ಲಿ ನಿಕ್‌ಗೆ ಮೂವತ್ತು ತುಂಬುತ್ತದೆ. 1917ರಲ್ಲಿ ಡೇಸಿಗೆ ಹದಿನೆಂಟು.

ವೇದಿಕೆಯಲ್ಲಿ ಒಂದೇ ಸಲ ಕೇಳಿಸುವ ಮಾತು. ಅಡಿಟಿಪ್ಪಣಿ ಹಾಕೋಕಾಗಲ್ಲ. ಏನು ಅನ್ನಲಿ?

— ಮೈಸೂರು

ಮರು:

‘ನಂಟಿನ ಹುಡುಗಿ’ ಅನ್ನಿ. ನಂಟು ಅಚ್ಚಗನ್ನಡ. ಹಳಗನ್ನಡದ ನಣ್ಪು, ತಮಿಳಿನ ನಣ್ಬನ್, ಎಲ್ಲಕ್ಕೂ ಒಂದೇ ಬೇರು. ‘ಸಂಬಂಧಿ’ ಬೇಡ. ‘ಕಸಿನ್’ ಅಂತೂ ಬೇಡವೇ ಬೇಡ. ಅಕ್ಕ, ತಂಗಿ, ಅತ್ತೆ, ನಾದಿನಿ, ಚಿಕ್ಕಮ್ಮ, ದೊಡ್ಡಮ್ಮ ಅಂತ ಬಿಡಿಸಿ ಹೇಳುವ ನುಡಿ ನಮ್ಮದು. ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟುವ ಪದವನ್ನು ಯಾಕೆ ಸಾಲ ತರಬೇಕು?

— ಶಿವಮೊಗ್ಗ

ಮರು:

‘ದಾಯಾದಿ’ ಇದೆಯಲ್ಲ. ಕಿಟೆಲ್ ತೆಗೆದು ನೋಡಿ, ಆಮೇಲೆ ಕೇಳಿ.

— ಬೆಂಗಳೂರು

ಮರು:

ದಾಯ ಅಂದರೆ ಆಸ್ತಿಯ ಪಾಲು. ದಾಯಾದಿ ಅಂದ ಕೂಡಲೇ ಸಭೆಗೆ ಕೌರವರು, ಪಾಂಡವರು, ಕೋರ್ಟು, ಸರ್ವೆ ನಂಬರು ನೆನಪಾಗುತ್ತದೆ. ಡೇಸಿಗೂ ನಿಕ್‌ಗೂ ನಡುವೆ ಒಂದು ಗುಂಟೆಯ ಜಗಳವೂ ಇಲ್ಲ.

ನಂಟೂ ಆಗಲ್ಲ. ನಮ್ಮ ಕಡೆ ನೆಂಟಸ್ತನ ಬೆಳೆಸೋದು ಅಂದರೆ ಹೆಣ್ಣು ಕೊಟ್ಟು ಹೆಣ್ಣು ತರೋದು. ತೊಡಕು ಇರುವುದೇ ಇಲ್ಲಿ. ಕನ್ನಡದಲ್ಲಿ ವರಸೆ ಹೇಳಿದರೆ ಮದುವೆ ಆಗಬಹುದೋ ಇಲ್ಲವೋ ಅನ್ನುವುದನ್ನೂ ಹೇಳಿದ ಹಾಗೆ. ‘ಅತ್ತೆ ಮಗಳು’ ಅಂದಿರೋ, ನಿಕ್ ಇವಳನ್ನು ಕೈಬಿಟ್ಟವನು ಅಂತ ಮೂರನೇ ಸಾಲಿನಲ್ಲಿ ಕೂತವರು ಲೆಕ್ಕ ಹಾಕಿಬಿಡುತ್ತಾರೆ. ಒಂದು ತಲೆಮಾರು ಕೆಳಗೆ ಇಳಿಸಿದರೂ ತಪ್ಪಿಸಿಕೊಳ್ಳೋಕಾಗಲ್ಲ. ಅಕ್ಕನ ಮಗಳಾದರೆ ಸೋದರಮಾವನಿಗೇ ಮೊದಲ ಹಕ್ಕು ಅಂತ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮಾತು ಬರುತ್ತದೆ. ಕಾದಂಬರಿಯಲ್ಲಿ ಡೇಸಿಗಾಗಿ ಒದ್ದಾಡುವವರು ಅವಳ ಗಂಡ ಟಾಮ್ ಮತ್ತು ಹಳೆಯ ಪ್ರಿಯಕರ ಗ್ಯಾಟ್ಸ್‌ಬಿ, ಇಬ್ಬರೇ. ಮೂರನೆಯವನನ್ನು ನಾವು ಹುಟ್ಟಿಸಬಾರದು.

ಹಾಗಾಗಿ ‘ವರಸೆಯಲ್ಲಿ ತಂಗಿಯಾಗಬೇಕು’. ವಯಸ್ಸಿಗೂ ಹೊಂದುತ್ತದೆ.

— ಧಾರವಾಡ

ಮರು:

ಧಾರವಾಡದವರ ಮಾತಿನಲ್ಲಿ ಮುಕ್ಕಾಲು ಪಾಲು ಒಪ್ಪಿದೆ. ‘ತಂಗಿ’ ಒಪ್ಪಲ್ಲ.

ಐದನೇ ಅಧ್ಯಾಯ ನೋಡಿ. ಡೇಸಿಯನ್ನು ಚಹಾಕ್ಕೆ ಕರೆದು ಗ್ಯಾಟ್ಸ್‌ಬಿ ಜೊತೆ ಕೂಡಿಸುವವನು ನಿಕ್. ಅದಕ್ಕೆ ಕೇಳಿಕೊಂಡವನು ಗ್ಯಾಟ್ಸ್‌ಬಿ, ಅದೂ ಡೇಸಿಯ ಗೆಳತಿ ಜೋರ್ಡನ್ ಬೇಕರ್ ಮೂಲಕ. ಟಾಮ್‌ನನ್ನು ಕರೆತರಬೇಡ ಅಂತ ನಿಕ್ ಫೋನಿನಲ್ಲಿ ಎರಡು ಸಲ ಹೇಳುತ್ತಾನೆ. ಟಾಮ್ ಅಂದರೆ ಯಾರು ಅಂತ ಡೇಸಿ ಏನೂ ಅರಿಯದವಳ ಹಾಗೆ ಕೇಳುತ್ತಾಳೆ. ಮದುವೆಯಾಗಿ ಮಗಳಿರುವ ತಂಗಿಗೆ ಅಣ್ಣನೇ, ಗಂಡನನ್ನು ಬಿಟ್ಟು ಬಾ ಅಂತ ಹೇಳಿದರೆ ನಮ್ಮ ಸಭೆ ಅವನನ್ನು ಏನಂತ ಕರೆಯುತ್ತದೆ? ಆ ಪದ ಇಲ್ಲಿ ಬರೆಯಲ್ಲ. ಆಮೇಲೆ ಆತ ಹೇಳುವ ಒಂದು ಮಾತನ್ನೂ ಯಾರೂ ನಂಬಲ್ಲ. ಇಡೀ ಕಥೆ ಅವನ ಬಾಯಲ್ಲೇ ಬರಬೇಕು, ಅಲ್ವಾ?

ಸುಮ್ನೆ ‘ಕಸಿನ್’ ಅಂತ ಇಡಿ. ಊರೂರಲ್ಲಿ ಜನ ಅದನ್ನೇ ಅನ್ನುತ್ತಾರೆ.

— ಮಂಗಳೂರು

ಮರು:

> ಊರೂರಲ್ಲಿ ಜನ ಅದನ್ನೇ ಅನ್ನುತ್ತಾರೆ

ಜನ ಅನ್ನುತ್ತಾರೆ ಅಂತ ಎಲ್ಲವನ್ನೂ ಒಳಗೆ ಬಿಟ್ಟರೆ ಪದಚರ್ಚೆ ಯಾಕೆ ಬೇಕು? ಹಾಗೆಯೇ ಒಂದು ಮಾತು: ಮೈಸೂರಿನವರು ಮುಂದೆ ‘ಶ್ರೀಮಂತ’ ಬಳಸದೆ ‘ಸಿರಿವಂತ’ ಬಳಸಲಿ. ದುಡ್ಡಿನ ಕಾದಂಬರಿ ಇದು, ಆ ಪದ ಹೆಜ್ಜೆ ಹೆಜ್ಜೆಗೂ ಬರುತ್ತದೆ.

— ಶಿವಮೊಗ್ಗ

ಮರು:

ಸ್ವಾಮಿ, ಸಿರಿ ಬಂದದ್ದೇ ಶ್ರೀಯಿಂದ. ತದ್ಭವ. ‘ವಂತ’ ಕೂಡ ಅಲ್ಲಿಯದೇ. ‘ಹಣ’ ಪಣದಿಂದ ಬಂದದ್ದು. ನೀವು ಮೇಲೆ ಬಿಟ್ಟ ‘ಸೋದರತ್ತೆ’ಯಲ್ಲಿ ಸೋದರ ಸಂಸ್ಕೃತ, ಅತ್ತೆ ಕನ್ನಡ. ಅರಿಸಮಾಸ ಅಂತ ಯಾವ ಮನೆಯವರೂ ಆಕೆಯನ್ನು ಹೊರಗೆ ಹಾಕಿಲ್ಲ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇನೆ. ಈ ಕಾದಂಬರಿಯಲ್ಲಿ ಬೇಕಾದದ್ದು ಎರಡು ಬಗೆಯ ಸಾಹುಕಾರಿಕೆ. ಈಸ್ಟ್ ಎಗ್‌ನ ಟಾಮ್‌ನದು ಮನೆತನದ ದುಡ್ಡು. ವೆಸ್ಟ್ ಎಗ್‌ನ ಗ್ಯಾಟ್ಸ್‌ಬಿಯದು ಪಾನನಿಷೇಧದ ಕಾಲದಲ್ಲಿ ಕಳ್ಳದಾರಿಯಲ್ಲಿ ಗಳಿಸಿದ್ದು. ನಾರ್ತ್ ಡಕೋಟದ ಬಡ ರೈತರ ಮಗ ಜೇಮ್ಸ್ ಗ್ಯಾಟ್ಸ್, ಹದಿನೇಳನೇ ವಯಸ್ಸಿನಲ್ಲಿ ಹೆಸರು ಬದಲಾಯಿಸಿಕೊಂಡವನು. ಟಾಮ್ ಅವನನ್ನು ನೋಡುವ ನೋಟಕ್ಕೆ ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಅನ್ನುವ ಗಾದೆ ಸಾಕು. ಆದರೆ ಅದನ್ನು ಟಾಮ್ ಬಾಯಲ್ಲೇ ಹಾಕಿ, ನಿಕ್ ಬಾಯಲ್ಲಿ ಬೇಡ. ನಿಕ್‌ಗೆ ಗ್ಯಾಟ್ಸ್‌ಬಿ ಮೇಲೆ ಕೊನೆಗೂ ಗೌರವ ಇದೆ.

— ಧಾರವಾಡ

ಮರು:

ತದ್ಭವ ನನಗೂ ಗೊತ್ತು. ‘ಸೋದರತ್ತೆ’ ನಾನು ಬರೆದಿಲ್ಲ, ‘ಅತ್ತೆ’ ಅಂತಷ್ಟೇ ಬರೆದೆ. ನುಡಿಗೆ ಒಗ್ಗಿದ್ದು ಬೇರೆ, ನೆನ್ನೆ ತಂದು ಸುರಿದದ್ದು ಬೇರೆ. ಈ ವಿಷಯದಲ್ಲಿ ಇನ್ನು ಬರೆಯಲ್ಲ.

— ಶಿವಮೊಗ್ಗ

ಮರು:

ಎಲ್ಲರಿಗೂ ಥ್ಯಾಂಕ್ಸ್. ಮಂಗಳೂರಿನವರು ತೋರಿಸಿದ ಫೋನಿನ ಮಾತು ಓದಿದ ಮೇಲೆ ‘ತಂಗಿ’ ಬಿಟ್ಟೆ. ವರಸೆಯನ್ನೇ ಹೇಳದೆ ಹೀಗೆ ಬರೆದಿದ್ದೇನೆ:

“ಡೇಸಿ ನಮ್ಮ ಪೈಕಿ ಹುಡುಗಿ, ಬಲು ದೂರದ ಸಂಬಂಧ. ಟಾಮ್ ಕಾಲೇಜಿನಿಂದ ಗೊತ್ತಿದ್ದವನು.”

‘ನಮ್ಮ ಪೈಕಿ’ ಅಂದರೆ ಬಳಗ ಅಂತ ತಿಳಿಯುತ್ತದೆ, ಮದುವೆಯ ಲೆಕ್ಕ ಏಳುವುದಿಲ್ಲ. ಕರೆದರೆ ಚಹಾಕ್ಕೆ ಬರುವಷ್ಟು ಸಲಿಗೆಯೂ ಉಳಿಯುತ್ತದೆ. ಇದೇ ಅಧ್ಯಾಯದಲ್ಲಿ ಡೇಸಿ ತಾನೇ, ನಾವು ಕಸಿನ್ಸ್ ಆದರೂ ಒಬ್ಬರಿಗೊಬ್ಬರು ಅಷ್ಟಾಗಿ ಗೊತ್ತಿಲ್ಲ, ನನ್ನ ಮದುವೆಗೂ ನೀನು ಬರಲಿಲ್ಲ ಅನ್ನುತ್ತಾಳೆ. ಅಲ್ಲಿ “ಒಂದೇ ಬಳಗದವರು, ಆದ್ರೂ” ಅಂತ ಶುರು ಮಾಡಿಸಿದ್ದೇನೆ. ‘ಕಸಿನ್’ ಎಲ್ಲೂ ಬೇಕಾಗಲಿಲ್ಲ.

ಟಾಮ್ ಮತ್ತು ಮರ್ಟಲ್ ಸಂಬಂಧಕ್ಕೆ ಪದವೇ ಹುಡುಕಲಿಲ್ಲ. “ಟಾಮ್‌ಗೆ ನ್ಯೂಯಾರ್ಕಿನಲ್ಲಿ ಒಬ್ಬಳಿದ್ದಾಳೆ” ಅಂತ ಜೋರ್ಡನ್ ಕೈಲಿ ಹೇಳಿಸಿದೆ. ನಟರಿಗೆ ಕೂಡಲೇ ಹಿಡಿಸಿತು.

ಗ್ಯಾಟ್ಸ್‌ಬಿ ಎಲ್ಲರನ್ನೂ ‘ಗೆಳೆಯಾ’ ಅನ್ನುವ ಹಾಗೆ ಕರೆಯುವ ‘ಓಲ್ಡ್ ಸ್ಪೋರ್ಟ್’ ಇನ್ನೂ ಬಾಕಿ. ‘ದೊರೆ’ ಅಂತ ಇಟ್ಟಿದ್ದೇನೆ. ಕಲಿತು ಅಂಟಿಸಿಕೊಂಡ ಮಾತು ಅನ್ನುವುದು ಕೇಳಿಸಬೇಕು, ಟಾಮ್‌ಗೆ ರೇಗುವುದೇ ಅದಕ್ಕೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಗುರುವಾರ ರಾತ್ರಿಯೊಳಗೆ ಬರೆಯಿರಿ.

— ಮೈಸೂರು