ಅಪ್‌ಡೇಟ್: ಹೀಟರ್ ಹಾಕಿದ್ರೂ ರೂಮ್ ಬೆಚ್ಚಗಾಗ್ತಿಲ್ಲ ಅಂದಿದ್ನಲ್ಲ, ಕಳ್ಳ ಸಿಕ್ಕಿದ
ಹೋದ ತಿಂಗಳು ಕೇಳಿದ್ದೆ, 2000 ವ್ಯಾಟ್ ಹೀಟರ್ ರಾತ್ರಿಯೆಲ್ಲಾ ಓಡಿಸಿದ್ರೂ ರೂಮ್ ಬೆಚ್ಚಗೆ ನಿಲ್ತಿಲ್ಲ, ಬಿಲ್ ಮಾತ್ರ ಏರ್ತಿದೆ, ಇದನ್ನ ಮಾರಿ ಆಯಿಲ್ ಹೀಟರ್ ತಗೊಳ್ಲಾ ಅಂತ. ಒಬ್ರು "ಮೊದ್ಲು ಗಾಳಿ ಎಲ್ಲಿಂದ ನುಗ್ತಿದೆ ನೋಡಿ" ಅಂದಿದ್ರಲ್ಲ, ಅವ್ರಿಗೆ ದೊಡ್ಡ ಥ್ಯಾಂಕ್ಸ್.

ಊದುಬತ್ತಿ ಹಚ್ಕೊಂಡು ಕಿಟಕಿ ಅಂಚೆಲ್ಲಾ ಸುತ್ತಿದೆ, ಅಲ್ಲೇನೂ ಇಲ್ಲ, ಬಾಗ್ಲ ಕೆಳಗೆ ಹಿಡಿದ ತಕ್ಷಣ ಹೊಗೆ ಅಡ್ಡಡ್ಡ ಮಲ್ಗಿ ಒಳಗೆ ಬಂತು ನೋಡಿ, ಬೆರಳು ತೂರೋವಷ್ಟು ಸಂದು, ಇಷ್ಟು ದಿನ ಕಣ್ಣಿಗೇ ಬಿದ್ದಿರ್ಲಿಲ್ಲ! ಅವತ್ತಿಗೆ ಹಳೇ ಟವೆಲ್ ಸುತ್ತಿ ತುರುಕಿದೆ, ಆಮೇಲೆ ರಬ್ಬರ್ ಪಟ್ಟಿ ಹೊಡೆಸ್ದೆ. ಕತ್ತಲಾಗ್ತಿದ್ದಂಗೆ ದಪ್ಪ ಕರ್ಟನ್ ಎಳೀತೀನಿ, ಹೀಟರ್ ಥರ್ಮೋಸ್ಟಾಟ್ (ಎಷ್ಟು ಬಿಸಿ ಬೇಕು ಅಂತ ಇಡೋ ಗುಂಡಿ) 23ರಿಂದ 20 ಡಿಗ್ರಿಗೆ ಇಳಿಸಿದೀನಿ. ಮೊದ್ಲೆರಡು ದಿನ ಮನೇವ್ರು ಗೊಣಗಿದ್ರು, ಈಗ ಸ್ವೆಟರ್ ಹಾಕ್ಕೊಂಡು ಸುಮ್ನಿದಾರೆ.

ಮೀಟರ್ ಬರ್ಕೊಂಡೆ, ಮುಂಚೆ ರಾತ್ರಿಗೆ 14 ಯೂನಿಟ್, ಈಗ 8.

ಆಯಿಲ್ ಹೀಟರ್ ಕೈಬಿಟ್ಟೆ, ಒಂದು ಯೂನಿಟ್ ಕರೆಂಟಿಗೆ ಬರೋ ಶಾಖ ಎರಡ್ರಲ್ಲೂ ಒಂದೇ. ಹೀಟ್ ಪಂಪ್ ಆದ್ರೆ ಹೊರಗಿನ ಶಾಖಾನೇ ಒಳಗೆ ಎಳ್ಕೊಳ್ಳೋದ್ರಿಂದ ಅಷ್ಟೇ ಕರೆಂಟಲ್ಲಿ ಎರಡು-ಮೂರು ಪಟ್ಟು ಕೊಡತ್ತೆ, ಅದನ್ನ ದುಡ್ಡು ಕೂಡಿದಾಗ ನೋಡೋಣ.

ಹಾಂ, ಹೀಟರ್ ಹಾಕಿದ್ದ ಎಕ್ಸ್‌ಟೆನ್ಶನ್ ಬೋರ್ಡ್ ಬಿಸಿಯಾಗತ್ತೆ ಅಂತಾನೂ ಆಗ ಅಂದಿದ್ನಲ್ಲ, ನಿಮ್ಮಿಂದ ಬೈಸ್ಕೊಂಡಿದ್ದು ಸಾಕು, ಈಗ ಹೀಟರ್ ನೇರ ಗೋಡೆ ಸಾಕೆಟ್‌ಗೇ ಹಾಕಿದೀನಿ.